ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ? ಟೆನ್ಸಿಯೋಮೀಟರ್ ಹೇಳುವ ಲೆಕ್ಕ

ಎರಡು ಕುಂಡ ತೆಗೆದುಕೊಳ್ಳಿ. ಒಂದರಲ್ಲಿ ಮರಳು ಮಣ್ಣು, ಇನ್ನೊಂದರಲ್ಲಿ ಅಂಟು ಜೇಡಿ ಮಣ್ಣು. ಎರಡರಲ್ಲೂ ಒಂದೇ ಜಾತಿಯ ಗಿಡ. ಮಣ್ಣಿನ ಗಾತ್ರದಲ್ಲಿ ನೂರಕ್ಕೆ 20 ಪಾಲು ನೀರು ಇರುವ ಹಾಗೆ ಎರಡಕ್ಕೂ ಅಳೆದು ಹಾಕಿ. ತೇವಾಂಶ ಅಳೆಯುವ ಕಡ್ಡಿ ಚುಚ್ಚಿದರೆ ಎರಡೂ ಕಡೆ ಅದೇ 20 ತೋರಿಸುತ್ತದೆ. ಆದರೆ ಮರಳಿನ ಕುಂಡದ ತಳದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಜೇಡಿಯ ಕುಂಡದಲ್ಲಿ ಗಿಡ ಬಾಡಿ ತಲೆ ಬಗ್ಗಿಸಿ ನಿಂತಿರುತ್ತದೆ.

ನೀರಿನ ಅಳತೆ ಒಂದೇ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು? ಮಣ್ಣು ಆ ನೀರನ್ನು ಹಿಡಿದುಕೊಂಡಿರುವ ಬಿಗಿಯಿಂದ. ಮರಳಿನ ಕಣ ದಪ್ಪ, ನಡುವಿನ ಸಂದುಗಳೂ ದೊಡ್ಡವು. ನೀರು ಅಲ್ಲಿ ಸಡಿಲವಾಗಿ ಕೂತಿರುತ್ತದೆ. ಜೇಡಿಯ ಸಂದುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ನೀರು ಅವುಗಳ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಮಣ್ಣಿನಲ್ಲಿ ಎಷ್ಟು ನೀರಿದೆ ಅನ್ನುವುದು ಬೇರಿಗೆ ಮುಖ್ಯವಲ್ಲ. ಅದನ್ನು ಕಿತ್ತುಕೊಳ್ಳಲು ಎಷ್ಟು ಜೋರಾಗಿ ಎಳೆಯಬೇಕು ಅನ್ನುವುದೇ ಮುಖ್ಯ. ಈ ಎಳೆತಕ್ಕೆ ಮಣ್ಣಿನ ವಿಜ್ಞಾನದವರು ಟೆನ್ಶನ್ ಅನ್ನುತ್ತಾರೆ. ಈ ಲೇಖನದಲ್ಲಿ ನಾನು ಸುಮ್ನೆ 'ಬಿಗಿತ' ಅನ್ನುತ್ತೇನೆ.

ಒದ್ದೆ ಬಟ್ಟೆ ಹಿಂಡಿದ್ದೀರಲ್ವಾ? ಬಕೆಟ್‌ನಿಂದ ಎತ್ತಿದ ಕೂಡಲೇ ಒಂದಷ್ಟು ನೀರು ತಾನಾಗಿಯೇ ಸುರಿಯುತ್ತದೆ. ಆಮೇಲೆ ಸ್ವಲ್ಪ ಹಿಂಡಬೇಕು. ಆಮೇಲೆ ಇನ್ನೂ ಜೋರಾಗಿ. ಕೊನೆಗೆ ಎಷ್ಟೇ ತಿರುಚಿದರೂ ಹನಿ ಬೀಳುವುದಿಲ್ಲ, ಆದರೂ ಬಟ್ಟೆ ಹಸಿಯಾಗೇ ಇರುತ್ತದೆ. ಮಣ್ಣಿನ ಕಥೆಯೂ ಇದೇ. ಮೊದಲ ನೀರು ಸಲೀಸು, ಕೊನೆಯ ನೀರಿಗೆ ಒದ್ದಾಟ. ಗಿಡ ಬಾಡುವುದು ಮಣ್ಣಿನಲ್ಲಿ ನೀರು ಮುಗಿದಾಗ ಅಲ್ಲ, ಹಿಂಡುವ ಶಕ್ತಿ ತನಗೆ ಸಾಲದಾದಾಗ.

ಬಿಗಿತದ ಅಳತೆ ಕಿಲೋಪ್ಯಾಸ್ಕಲ್‌ನಲ್ಲಿ. ಹಳೆಯ ಗೇಜುಗಳ ಮೇಲೆ ಸೆಂಟಿಬಾರ್ ಅಂತ ಬರೆದಿರುತ್ತದೆ. ಗಾಬರಿ ಬೇಡ, ಎರಡೂ ಒಂದೇ ಅಳತೆ. ಕೆಲವರು ಮೈನಸ್ 30 ಅಂತ ಬರೆಯುತ್ತಾರೆ, ಕೆಲವರು ಬರೀ 30 ಅಂತ. ಅದೂ ಒಂದೇ ಮಾತು. ಒತ್ತಡ ಅಂತ ನೋಡಿದರೆ ಮೈನಸ್, ಎಳೆತ ಅಂತ ನೋಡಿದರೆ ಪ್ಲಸ್. ಕೈಗೆ ಸಿಗುವ ಹಾಗೆ ಹೇಳುವುದಾದರೆ, ಸ್ಟ್ರಾ ಹಾಕಿ ನೀರನ್ನು 10 ಸೆಂಟಿಮೀಟರ್ ಮೇಲಕ್ಕೆ ಹೀರಲು ಬೇಕಾಗುವ ಎಳೆತ ಸುಮಾರು 1 ಕಿಲೋಪ್ಯಾಸ್ಕಲ್. 33 ಕಿಲೋಪ್ಯಾಸ್ಕಲ್ ಅಂದರೆ ಮೂರು ಮೀಟರಿಗಿಂತ ಉದ್ದದ ಸ್ಟ್ರಾ.

ಈ 33 ಸುಮ್ಮನೆ ಹೇಳಿದ್ದಲ್ಲ. ಚೆನ್ನಾಗಿ ನೀರು ಕುಡಿದ ಮಣ್ಣಿನಿಂದ ಹೆಚ್ಚಿನದೆಲ್ಲ ಬಸಿದುಹೋಗಿ, ಒಂದೆರಡು ದಿನದ ನಂತರ ಹದಕ್ಕೆ ಬಂದು ನಿಲ್ಲುತ್ತದೆ. ಆಗಿನ ಬಿಗಿತ ಮರಳು ಮಣ್ಣಿನಲ್ಲಿ ಸುಮಾರು 10, ಜೇಡಿಯಂಥ ಭಾರದ ಮಣ್ಣಿನಲ್ಲಿ ಸುಮಾರು 33 ಅಂತ ಲೆಕ್ಕ ಹಿಡಿಯುತ್ತಾರೆ. ಇನ್ನೊಂದು ತುದಿಯಲ್ಲಿ 1500 ಇದೆ. ಅಲ್ಲಿಗೆ ಮುಟ್ಟಿದರೆ ಹೆಚ್ಚಿನ ಬೆಳೆಗಳು ಬಾಡುತ್ತವೆ, ಮತ್ತೆ ನೀರು ಕೊಡುವವರೆಗೆ ರಾತ್ರಿಯ ತಂಪಿಗೂ ಚೇತರಿಸಿಕೊಳ್ಳುವುದಿಲ್ಲ. ಸ್ಟ್ರಾ ಲೆಕ್ಕದಲ್ಲಿ 1500 ಅಂದರೆ 150 ಮೀಟರ್! ಅಷ್ಟು ಎಳೆತ ಒಂದು ಎಳೆಯ ಬೇರಿಗೆ ಸಾಧ್ಯ ಅಂದರೆ ನಂಬಲು ಸ್ವಲ್ಪ ಹೊತ್ತು ಬೇಕು.

ಸಂದಿನ ಗಾತ್ರಕ್ಕೂ ಬಿಗಿತಕ್ಕೂ ನೇರ ನಂಟಿದೆ. ಸುಮಾರು 300ನ್ನು ಬಿಗಿತದಿಂದ ಭಾಗಿಸಿದರೆ, ಆ ಹೊತ್ತಿಗೆ ಎಷ್ಟು ಮೈಕ್ರಾನ್‌ಗಿಂತ ದೊಡ್ಡ ಸಂದುಗಳು ಖಾಲಿಯಾಗಿವೆ ಅಂತ ಸಿಗುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬಿಗಿತ 10 ಆದಾಗ 30 ಮೈಕ್ರಾನ್‌ಗಿಂತ ದೊಡ್ಡವೆಲ್ಲ ಬರಿದು. 1500 ಆದಾಗ ನೀರು ಉಳಿದಿರುವುದು 0.2 ಮೈಕ್ರಾನ್‌ಗಿಂತ ಸಣ್ಣ ಸಂದುಗಳಲ್ಲಿ ಮಾತ್ರ. ಈ 300ರ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೀಗೆ ಯೋಚಿಸಬಹುದು ಅಂತ ತೋರಿಸಿಕೊಟ್ಟವನು ಎಡ್ಗರ್ ಬಕಿಂಗ್‌ಹ್ಯಾಮ್. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದ್ದ ಭೌತಶಾಸ್ತ್ರಜ್ಞ. ಮಣ್ಣಿನಲ್ಲಿ ನೀರು ಓಡಾಡುವುದು 'ಇಲ್ಲಿ ಜಾಸ್ತಿ ಇದೆ, ಅಲ್ಲಿ ಕಡಿಮೆ ಇದೆ' ಅನ್ನುವ ಕಾರಣಕ್ಕಲ್ಲ, ಎಳೆತದ ವ್ಯತ್ಯಾಸದಿಂದ ಅಂತ 1907ರಲ್ಲಿ ಬರೆದ. ಆ ಎಳೆತವನ್ನು ಹೊಲದಲ್ಲಿ ಅಳೆಯುವ ಸಾಧನ ರೂಪುಗೊಳ್ಳಲು ಮುಂದೆ ವರ್ಷಗಳೇ ಹಿಡಿದವು. ವಿಲ್ಲರ್ಡ್ ಗಾರ್ಡ್ನರ್, ಎಲ್. ಎ. ರಿಚರ್ಡ್ಸ್ ಮೊದಲಾದವರು ಸುಟ್ಟ ಮಣ್ಣಿನ ಸರಂಧ್ರ ಕಪ್ ಇಟ್ಟುಕೊಂಡು ಪ್ರಯೋಗ ಮಾಡಿದರು. 1936ರಲ್ಲಿ ಇವರಿಬ್ಬರೂ ಸೇರಿ ಬರೆದ ಲೇಖನದ ತಲೆಬರಹದಲ್ಲೇ ಟೆನ್ಸಿಯೋಮೀಟರ್ ಅನ್ನುವ ಹೆಸರಿದೆ.

ಗಾಳಿಯಲ್ಲಿ ನೇತುಹಾಕಿ ನೋಡಿ

ಟೆನ್ಸಿಯೋಮೀಟರ್‌ನಲ್ಲಿ ಇರುವುದು ಮೂರೇ ವಸ್ತು. ಒಂದು ಪ್ಲಾಸ್ಟಿಕ್ ಕೊಳವೆ. ಅದರ ತಳಕ್ಕೆ ಹೆಬ್ಬೆರಳಿನ ಗಾತ್ರದ ಬಿಳಿ ಸೆರಾಮಿಕ್ ಕಪ್. ಮೇಲೆ ಮುಳ್ಳು ಇರುವ ವ್ಯಾಕ್ಯೂಮ್ ಗೇಜ್. ಕೊಳವೆ ತುಂಬ ನೀರು, ಮೇಲೆ ಬಿಗಿಯಾದ ಮುಚ್ಚಳ. ಅಷ್ಟೇ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಹೊಲಕ್ಕೆ ಹೋಗಬೇಕಿಲ್ಲ. ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಗಾಳಿಯಾಡುವ ಜಾಗದಲ್ಲಿ ಕಪ್ ತೆರೆದಿರುವ ಹಾಗೆ ನೇತುಹಾಕಿ. ಕಪ್ಪಿನ ಮೈಯಿಂದ ನೀರು ಆವಿಯಾಗುತ್ತಾ ಹೋಗುತ್ತದೆ. ಹೋದ ನೀರಿನ ಜಾಗಕ್ಕೆ ಬರಲು ಗಾಳಿಗೆ ದಾರಿಯಿಲ್ಲ. ಒಳಗಿನ ನೀರು ಜಗ್ಗಿಸಿಕೊಳ್ಳುತ್ತದೆ, ಮುಳ್ಳು ಮೆಲ್ಲಗೆ ಏಳುತ್ತದೆ. 20, 40, 60. ಬೀಸಣಿಗೆ ಹಾಕಿದರೆ ಬೇಗ ಏರುತ್ತದೆ. ಈಗ ಕಪ್ಪನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ. ಕಪ್ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮುಳ್ಳು ಕೆಲವೇ ನಿಮಿಷದಲ್ಲಿ ಸೊನ್ನೆಯ ಹತ್ತಿರ ಇಳಿದು ಕೂರುತ್ತದೆ. ಮಣ್ಣಿನಲ್ಲಿ ನಡೆಯುವುದೂ ಇದೇ. ಗಾಳಿಯ ಬದಲು ಒಣಗುತ್ತಿರುವ ಮಣ್ಣು ನೀರನ್ನು ಎಳೆಯುತ್ತದೆ. ಮಣ್ಣಿನ ಎಳೆತ, ಕೊಳವೆಯೊಳಗಿನ ಎಳೆತ ಸಮವಾದಾಗ ನೀರಿನ ಓಡಾಟ ನಿಲ್ಲುತ್ತದೆ. ಮುಳ್ಳು ತೋರಿಸುವುದು ಆ ಅಂಕಿಯನ್ನು. ಅಂದರೆ ಇದೊಂದು ಕುರುಡು ಬೇರು. ಗಿಡದ ಬೇರಿನ ಪಕ್ಕದಲ್ಲೇ ಕೂತು, ಅದು ಎಳೆಯಬೇಕಾದ ಬಿಗಿಯನ್ನು ತಾನೂ ಅನುಭವಿಸುತ್ತದೆ.

ಕಪ್ಪಿನ ತೂತುಗಳು ಯಾಕೆ ಅಷ್ಟು ಸಣ್ಣ ಇರಬೇಕು? 300ರ ಲೆಕ್ಕ ಇಲ್ಲಿ ಬಂತು ನೋಡಿ. ಒಳಗೆ 80ರಷ್ಟು ಎಳೆತ ಇದ್ದಾಗಲೂ ತೂತುಗಳಲ್ಲಿ ನೀರು ನಿಲ್ಲಬೇಕು, ಗಾಳಿ ನುಗ್ಗಬಾರದು. ಸ್ವಲ್ಪ ಜಾಗ್ರತೆಗೆ 80ರ ಬದಲು 100 ಅಂತಲೇ ಹಿಡಿಯೋಣ. 300 ಭಾಗಿಸು 100 ಅಂದರೆ 3. ಹಾಗಾಗಿ ತೂತುಗಳು 3 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಇರುವ ಸೆರಾಮಿಕ್ ಬಳಸುತ್ತಾರೆ. ಕೂದಲೆಳೆಯಷ್ಟು ಬಿರುಕು ಬಿದ್ದರೂ ಕಪ್ ಕೆಲಸಕ್ಕೆ ಬಾರದು. ನೇತುಹಾಕಿ ಮಾಡಿದ ಪರೀಕ್ಷೆಯೇ ಇದನ್ನೂ ಹೇಳಿಬಿಡುತ್ತದೆ. ಮುಳ್ಳು 70 ದಾಟದೆ ಅರ್ಧದಲ್ಲೇ ನಿಂತರೆ ಎಲ್ಲೋ ಸೋರಿಕೆ ಇದೆ. ಹೊಸ ಸಾಧನವನ್ನು ಈ ಪರೀಕ್ಷೆ ಮಾಡದೆ ಮಣ್ಣಿಗೆ ಇಳಿಸಬೇಡಿ.

80ಕ್ಕೆ ಯಾಕೆ ನಿಲ್ಲುತ್ತದೆ

ಹೊಲದಲ್ಲಿ ಬಳಸುವ ಇಂಥ ಟೆನ್ಸಿಯೋಮೀಟರ್ ಎಷ್ಟೇ ಒಳ್ಳೆಯದಾದರೂ ಸುಮಾರು 80, 85ರ ಆಚೆ ಹೋಗುವುದಿಲ್ಲ. ಗಿಡ ಮಾತ್ರ 1500ರವರೆಗೆ ಎಳೆಯುತ್ತದೆ. ಇದೇನು ಅನ್ಯಾಯ ಅನ್ನಿಸಬಹುದು.

ಬಾವಿಯ ದಂಡೆಯ ಮೇಲೆ ಪಂಪ್ ಇಟ್ಟು ನೀರು ಎತ್ತುವವರಿಗೆ ಈ ಮಿತಿ ಗೊತ್ತು. ನೀರು ಏಳೆಂಟು ಮೀಟರಿಗಿಂತ ಕೆಳಗಿದ್ದರೆ ಮೇಲಿನ ಪಂಪ್ ಹೀರುವುದಿಲ್ಲ. ಲೆಕ್ಕದ ಪ್ರಕಾರವೂ ಹತ್ತು ಮೀಟರಿಗೆ ಮುಗಿಯಿತು. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದು ಇರುವುದೇ ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್. ಟೆನ್ಸಿಯೋಮೀಟರ್‌ಗೂ ಅದೇ ಮಿತಿ. ಎಳೆತ ಜಾಸ್ತಿಯಾದ ಹಾಗೆ ನೀರಿನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಬಿಡಿಸಿಕೊಳ್ಳುತ್ತದೆ, ನೀರೂ ಆವಿಯಾಗತೊಡಗುತ್ತದೆ. ಕೊಳವೆಯ ತಲೆಯಲ್ಲಿ ಗುಳ್ಳೆ ದೊಡ್ಡದಾಗಿ ನೀರಿನ ಸರಪಳಿ ಕಡಿದುಹೋಗುತ್ತದೆ. ಎತ್ತರದ ಊರುಗಳಲ್ಲಿ ಮಿತಿ ಇನ್ನೂ ಕಡಿಮೆ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು 90 ಮಾತ್ರ. ಗೇಜಿನ ಮೇಲೆ 100ರವರೆಗೆ ಅಂಕಿ ಬರೆದಿದ್ದರೂ ಅಲ್ಲಿ 70ರ ಸುಮಾರಿಗೇ ಆಟ ಮುಗಿಯುತ್ತದೆ.

ಇಲ್ಲಿ ಒಂದು ಮೋಸ ಅಡಗಿದೆ. ಸರಪಳಿ ಕಡಿದು ಗಾಳಿ ಒಳಗೆ ಸೇರಿದ ಮೇಲೆ ಮುಳ್ಳು 80ರಲ್ಲೇ ನಿಲ್ಲುವುದಿಲ್ಲ, ಮೆಲ್ಲಗೆ ಸೊನ್ನೆಯ ಕಡೆಗೆ ಜಾರುತ್ತದೆ. ಸೊನ್ನೆ ಅಂದರೆ ಕೆಸರು ಅಂತ ಅರ್ಥ ಅಲ್ವಾ? ಆದರೆ ಮಣ್ಣು ಒಣಗಿ ಬಿರಿದಿರುತ್ತದೆ. ಕಣ್ಣಿನಿಂದ ನೋಡುವವರಿಗೆ ಇದು ಗೊತ್ತಾಗುತ್ತದೆ, ಕೊಳವೆಯಲ್ಲಿ ನೀರಿನ ಮಟ್ಟ ಇಳಿದಿರುವುದು ಕಾಣುತ್ತದೆ. ಪಂಪಿಗೆ ಜೋಡಿಸಿದ ಆಟೋಮ್ಯಾಟಿಕ್ ಪೆಟ್ಟಿಗೆಗೆ ಮಾತ್ರ ಗೊತ್ತಾಗುವುದಿಲ್ಲ. 'ಸೊನ್ನೆ ಬಂತು, ಸಾಕಷ್ಟು ನೀರಿದೆ' ಅಂತ ಪಂಪ್ ಚಾಲೂ ಮಾಡದೆ ಕೂರುತ್ತದೆ. ಅದಕ್ಕೇ ಅಂಥ ಪೆಟ್ಟಿಗೆಗೆ 'ನೀರು ಬಿಡದೆ ಬಿಗಿತ ತಾನಾಗಿ ಬಿದ್ದರೆ ಎಚ್ಚರಿಸು' ಅನ್ನುವ ನಿಯಮ ಹಾಕಿರಬೇಕು.

80ರ ಮಿತಿ ದೊಡ್ಡ ಕೊರತೆಯೇ? ಮಣ್ಣಿನ ಮೇಲೆ ಹೋಗುತ್ತದೆ. ಮರಳು ಮಣ್ಣಿನಲ್ಲಿ ಬೇರಿಗೆ ಸಿಗುವ ನೀರಿನ ಬಹುಪಾಲು 80 ಮುಟ್ಟುವ ಮೊದಲೇ ಖರ್ಚಾಗಿರುತ್ತದೆ. ಜೇಡಿಯಲ್ಲಿ ಹಾಗಲ್ಲ, ಅರ್ಧಕ್ಕಿಂತ ಜಾಸ್ತಿ ನೀರು 80ರ ಆಚೆಗೆ ಉಳಿದಿರಬಹುದು. ಆದರೆ ನೀರು ಹಾಯಿಸುವ ನಿರ್ಧಾರ ಹೆಚ್ಚಾಗಿ ಆಗುವುದು 80ರ ಒಳಗೇ. ಈರುಳ್ಳಿಯಂಥ ಮೇಲುಬೇರಿನ ಬೆಳೆಗೆ 20ರಿಂದ 30ರ ನಡುವೆಯೇ ನೀರು ಬೇಕು ಅನ್ನಿಸುತ್ತದೆ. ಆಳಕ್ಕೆ ಬೇರು ಬಿಟ್ಟ ಮರಗಳು 50, 60ರವರೆಗೆ ತಡೆಯುತ್ತವೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ, ಒಣಗಿಸಿ, ಮತ್ತೆ ನಿಲ್ಲಿಸುವ ಪದ್ಧತಿಯಲ್ಲಿ 10ರಿಂದ 20ಕ್ಕೇ ಮತ್ತೆ ನೀರು ಬಿಡುತ್ತಾರೆ. ಇವೆಲ್ಲ ಮಣ್ಣು, ಬಿಸಿಲು, ಬೆಳೆಯ ವಯಸ್ಸು ನೋಡಿ ಆಚೀಚೆ ಆಗುವ ಅಂಕಿಗಳು. ಬೇಲಿ ಹಾಕಿದ ಹಾಗೆ ಹಿಡಿಯಬೇಡಿ.

ಹೂಳುವ ಕೆಲಸ

ಈ ಸಾಧನದ ಬಗ್ಗೆ ನಾನು ಕಲಿತ ಪಾಠಗಳಲ್ಲಿ ಹೆಚ್ಚಿನವು ತಪ್ಪು ಮಾಡಿಯೇ ಕಲಿತವು. ಮೊದಲ ಸಲ ಹೂಳಿದಾಗ ಮುಳ್ಳು ನಾಲ್ಕು ದಿನ 5ರ ಸುತ್ತಲೇ ಇತ್ತು. ಮೇಲೆ ಮಣ್ಣು ಬಿರುಕು ಬಿಡುತ್ತಿತ್ತು, ನಾನು 'ಕೆಳಗೆ ಹಸಿ ಚೆನ್ನಾಗಿದೆ' ಅಂತ ನಿಶ್ಚಿಂತೆಯಿಂದ ಇದ್ದೆ. ಐದನೇ ದಿನ ಅನುಮಾನ ಬಂದು ಕಿತ್ತು ನೋಡಿದರೆ, ಕಪ್ಪಿನ ಒಂದು ಪಕ್ಕಕ್ಕೆ ಮಾತ್ರ ಚೂರು ಮಣ್ಣು ಅಂಟಿತ್ತು. ಉಳಿದ ಮೈಯೆಲ್ಲ ಈಗ ತಾನೇ ತೊಳೆದಿಟ್ಟ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ತೂತು ದೊಡ್ಡದಾಗಿ ಕೊರೆದಿದ್ದೆ. ಕಪ್ ಮಣ್ಣನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ, ಪೊಟರೆಯಲ್ಲಿ ನಿಂತಿತ್ತು. ಮುಟ್ಟದ ಮಣ್ಣಿನ ಎಳೆತ ಕಪ್ಪಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಹೂಳುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದಿನ ರಾತ್ರಿಯೇ ಕಪ್ಪನ್ನು ನೀರಿನಲ್ಲಿ ನೆನೆಹಾಕಿ. ತುಂಬುವ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ. ಕುದಿಸಿದರೆ ಕರಗಿದ ಗಾಳಿ ಹೊರಟುಹೋಗುತ್ತದೆ, ಗುಳ್ಳೆಯ ಕಾಟ ಕಡಿಮೆ. ಪಾಚಿ ಕಟ್ಟದಿರಲು ಕಂಪನಿಯವರು ಕೊಡುವ ಬಣ್ಣದ ದ್ರಾವಣ ನಾಲ್ಕು ಹನಿ ಹಾಕಿದರೆ ನೀರಿನ ಮಟ್ಟವೂ ಸ್ಪಷ್ಟ ಕಾಣುತ್ತದೆ. ತುಂಬಿದ ಮೇಲೆ ಕೈಪಂಪಿನಿಂದ ಗಾಳಿ ಎಳೆದು, ಕೊಳವೆಯನ್ನು ಬೆರಳಿನಿಂದ ತಟ್ಟಿ. ಗೋಡೆಗೆ ಅಂಟಿದ ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಕಪ್ಪನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆರಳಿನ ಎಣ್ಣೆ ಸಣ್ಣ ತೂತುಗಳನ್ನು ಮುಚ್ಚುತ್ತದೆ.

ತೂತನ್ನು ಕೊಳವೆಯ ದಪ್ಪಕ್ಕೇ ಕೊರೆಯಬೇಕು. ಕೊರೆದಾಗ ತಳದಿಂದ ಬಂದ ಮಣ್ಣನ್ನು ಬೇರೆ ಇಟ್ಟುಕೊಳ್ಳಿ. ಕಲ್ಲು, ಕಸ ತೆಗೆದು ನೀರು ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ ಒಂದು ಲೋಟದಷ್ಟು ತೂತಿನೊಳಗೆ ಸುರಿಯಿರಿ. ಆಮೇಲೆ ಕೊಳವೆ ಇಳಿಸಿ, ತಳ ಮುಟ್ಟುವವರೆಗೆ ಮೆಲ್ಲಗೆ ಒತ್ತಿ. ಆ ರಾಡಿ ಕಪ್ಪಿನ ಸುತ್ತ ಮೇಲೆದ್ದು ಸಂದೆಲ್ಲ ತುಂಬುತ್ತದೆ. ಬಡಿದು ಇಳಿಸಬೇಡಿ, ಕಪ್ ಸೀಳುತ್ತದೆ. ಕೊನೆಗೆ ಕೊಳವೆಯ ಬುಡಕ್ಕೆ ಮಣ್ಣು ಗುಡ್ಡೆ ಹಾಕಿ ಒತ್ತಿ. ಇಲ್ಲದಿದ್ದರೆ ಮಳೆ ನೀರು ಕೊಳವೆಯ ಗುಂಟ ನೇರ ಕಪ್ಪಿಗೆ ಇಳಿದು, ಹೊಲವೆಲ್ಲ ನೆನೆದಿದೆ ಅಂತ ಸುಳ್ಳು ಹೇಳಿಸುತ್ತದೆ. ಅವತ್ತೇ ಅಂಕಿ ನೋಡಿ ಪ್ರಯೋಜನವಿಲ್ಲ. ರಾಡಿಯ ನೀರು ಸುತ್ತಲ ಮಣ್ಣಿಗೆ ಹಂಚಿಹೋಗಲು ಕನಿಷ್ಠ ಒಂದು ರಾತ್ರಿ ಬೇಕು.

ಜಾಗದ ಆಯ್ಕೆ ಇನ್ನೊಂದು ತಲೆನೋವು. ಡ್ರಿಪ್ ಇದ್ದರೆ ಡ್ರಿಪ್ಪರಿನ ಬುಡದಲ್ಲೇ ಇಟ್ಟರೆ ಯಾವಾಗಲೂ ಹಸಿ ತೋರಿಸುತ್ತದೆ. ತುಂಬ ದೂರ ಇಟ್ಟರೆ ಯಾವಾಗಲೂ ಒಣ. ಬೇರು ಚೆನ್ನಾಗಿ ಹರಡಿರುವ, ನೀರು ಮುಟ್ಟುವ ಜಾಗ ಬೇಕು. ಹೊಲದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಗಿಡದ ಪಕ್ಕವೂ ಬೇಡ, ಸೊರಗಿದ ಗಿಡದ ಪಕ್ಕವೂ ಬೇಡ.

ಒಂದು ಅಂಕಿ ಏನೂ ಹೇಳುವುದಿಲ್ಲ

ಗೇಜ್ ನೋಡುವ ಮೊದಲು ಅದಕ್ಕೆ ಬೆರಳಿನಿಂದ ಎರಡು ಸಲ ಮೆತ್ತಗೆ ತಟ್ಟಿ, ಮುಳ್ಳು ಅಂಟಿಕೊಂಡಿರುತ್ತದೆ. ನೋಡುವುದು ಬೆಳಗ್ಗೆ, ದಿನಾ ಒಂದೇ ಹೊತ್ತಿಗೆ. ರಾತ್ರಿ ಗಿಡ ಹೆಚ್ಚು ನೀರು ಎಳೆಯುವುದಿಲ್ಲ, ಮಣ್ಣಿನೊಳಗಿನ ನೀರು ಒಂದು ನೆಲೆಗೆ ಬಂದಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಕೊಳವೆ ಕಾದು, ಒಳಗಿನ ಗಾಳಿ ಹಿಗ್ಗಿ, ಮುಳ್ಳು ಸುಮ್ಸುಮ್ನೆ ಅಲ್ಲಾಡುತ್ತದೆ.

ಇನ್ನೊಂದು ಸಣ್ಣ ಲೆಕ್ಕವಿದೆ, ತುಂಬ ಜನ ಮರೆಯುತ್ತಾರೆ. ಗೇಜ್ ಮೇಲಿದೆ, ಕಪ್ ಕೆಳಗಿದೆ. ನಡುವಿನ ನೀರಿನ ಕಂಬ ತನ್ನ ಭಾರಕ್ಕೆ ತಾನೇ ಜೋತುಬಿದ್ದಿರುತ್ತದೆ. ಕಪ್ಪಿನಿಂದ ಗೇಜಿಗೆ 60 ಸೆಂಟಿಮೀಟರ್ ಇದ್ದರೆ, ಗೇಜ್ ಸುಮಾರು 6 ಜಾಸ್ತಿ ತೋರಿಸುತ್ತದೆ. ಬಿಗಿತ 50ರ ಹೊತ್ತಿನಲ್ಲಿ ಈ 6 ದೊಡ್ಡದಲ್ಲ. ಭತ್ತದ ಗದ್ದೆಯಲ್ಲಿ 15ಕ್ಕೆ ನೀರು ಬಿಡಬೇಕಾದಾಗ ಇದು ದೊಡ್ಡದೇ. ಮುಳ್ಳು 15 ಅಂದರೂ ಮಣ್ಣಿನದ್ದು 9 ಮಾತ್ರ. ಕೆಲವು ಗೇಜುಗಳಲ್ಲಿ ಇದನ್ನು ಸರಿದೂಗಿಸಲು ಸ್ಕ್ರೂ ಇರುತ್ತದೆ.

ಇವತ್ತು 34 ಇದೆ ಅಂದರೆ ಏನರ್ಥ? ನಿನ್ನೆ ಎಷ್ಟಿತ್ತು ಅಂತ ಗೊತ್ತಿಲ್ಲದೆ ಏನೂ ಇಲ್ಲ. ಗಟ್ಟಿಯಾಗಿ ನೀರು ಕೊಟ್ಟ ಮೇಲೆ ದಿನಾ ಬೆಳಗ್ಗೆ ಬರೆದಿಟ್ಟರೆ ಸಾಲು ಹೀಗಿರಬಹುದು ಅಂದುಕೊಳ್ಳಿ: 8, 11, 15, 22, 34, 55. ಗಿಡ ದಿನಾ ಹೆಚ್ಚುಕಡಿಮೆ ಅಷ್ಟೇ ನೀರು ಕುಡಿಯುತ್ತಿದೆ. ಆದರೆ ಬಿಗಿತ ಮೊದಲು 3 ಏರಿತು, ಕೊನೆಗೆ ಒಂದೇ ದಿನದಲ್ಲಿ 21 ಏರಿತು. ಬಟ್ಟೆ ಹಿಂಡುವ ಕಥೆ ನೆನಪಿಸಿಕೊಳ್ಳಿ, ಮಣ್ಣು ಒಣಗಿದಷ್ಟೂ ಅದೇ ಲೋಟ ನೀರಿಗೆ ಜಾಸ್ತಿ ಬಲ ಬೇಕು. ನಾಳೆ 55 ಆಗಬಹುದು ಅಂತ 34ರಲ್ಲೇ ಊಹಿಸಬೇಕು. 55 ನೋಡಿದ ಮೇಲೆ ಪಂಪ್ ರಿಪೇರಿಗೆ ಹೋದರೆ ತಡವಾಗಿರುತ್ತದೆ.

ಎರಡು ಆಳದಲ್ಲಿ ಒಂದೊಂದು ಇಟ್ಟರೆ ಕಥೆ ಪೂರ್ತಿಯಾಗುತ್ತದೆ. ಒಂದು ಬೇರು ದಟ್ಟವಾಗಿರುವ ಮೇಲ್ಪದರದಲ್ಲಿ, 20 ಅಥವಾ 30 ಸೆಂಟಿಮೀಟರ್. ಇನ್ನೊಂದು ಬೇರಿನ ತುದಿ ಮುಟ್ಟುವ ಕಡೆ. ಮೇಲಿನದು ಏರಿಳಿಯುತ್ತಾ ಕೆಳಗಿನದು ಸದಾ 5ರಲ್ಲೇ ಇದ್ದರೆ ನೀರು ಜಾಸ್ತಿಯಾಗಿ ಬೇರಿನ ಕೆಳಗೆ ಬಸಿದುಹೋಗುತ್ತಿದೆ, ಜೊತೆಗೆ ಗೊಬ್ಬರವೂ. ಮೇಲಿನದು 10ಕ್ಕೆ ಇಳಿದರೂ ಕೆಳಗಿನದು 50, 60 ಅಂತ ಏರುತ್ತಲೇ ಇದ್ದರೆ ನೀರು ಮೇಲ್ಪದರ ದಾಟುತ್ತಿಲ್ಲ. ಎರಡು ಗೇಜು ನೋಡಿದರೆ ಎಷ್ಟು ಹೊತ್ತು ಹಾಯಿಸಬೇಕು ಅನ್ನುವುದೂ ಗೊತ್ತಾಗುತ್ತದೆ, ಯಾವಾಗ ಅನ್ನುವುದು ಮಾತ್ರವಲ್ಲ.

ನನಗೆ ತುಂಬ ಇಷ್ಟವಾಗುವ ಲೆಕ್ಕ ಇನ್ನೊಂದಿದೆ. ನೆಲದೊಳಗೆ ನೀರು ಈ ಕ್ಷಣ ಯಾವ ಕಡೆ ಹೋಗುತ್ತಿದೆ, ಮೇಲಕ್ಕೋ ಕೆಳಕ್ಕೋ? ಬಿಗಿತವನ್ನು ಸೆಂಟಿಮೀಟರಿಗೆ ಬದಲಿಸಿ, ಅಂದರೆ ಹತ್ತರಿಂದ ಗುಣಿಸಿ, ಅದಕ್ಕೆ ಕಪ್ಪಿನ ಆಳ ಕೂಡಿಸಿ. ಮೊತ್ತ ಯಾವ ಕಡೆ ಜಾಸ್ತಿಯೋ ನೀರು ಆ ಕಡೆ ಹೋಗುತ್ತದೆ. 30 ಸೆಂಟಿಮೀಟರ್ ಆಳದಲ್ಲಿ ಬಿಗಿತ 20 ಇದ್ದರೆ 200ಕ್ಕೆ 30 ಸೇರಿ 230. 60 ಸೆಂಟಿಮೀಟರಿನಲ್ಲಿ ಬಿಗಿತ 10 ಇದ್ದರೆ 100ಕ್ಕೆ 60 ಸೇರಿ 160. ಮೇಲಿನದು ಜಾಸ್ತಿ, ಹಾಗಾಗಿ ಕೆಳಗಿನ ನೀರು ಮೇಲಕ್ಕೆ ಏರುತ್ತಿದೆ. ಎರಡೂ ಕಡೆ ಬಿಗಿತ 20 ಇದ್ದರೆ? 230 ಮತ್ತು 260. ಭೂಮಿಯ ಸೆಳೆತ ಗೆದ್ದು ನೀರು ಕೆಳಗೆ ಇಳಿಯುತ್ತಿದೆ. ಎಷ್ಟು ನೀರಿದೆ ಅಂತ ಮಾತ್ರ ಅಳೆಯುವ ಕಡ್ಡಿಗಳು ಎಷ್ಟೇ ದುಬಾರಿಯಾದರೂ ಈ ಪ್ರಶ್ನೆಗೆ ನೇರ ಉತ್ತರ ಕೊಡಲಾರವು.

ನೀರಿನ ಕೊಳವೆ ಬೇಡ ಅನ್ನುವವರಿಗೆ

ವಾರಕ್ಕೊಮ್ಮೆ ನೀರು ತುಂಬುವುದು, ಗುಳ್ಳೆ ತೆಗೆಯುವುದು, ಹಿಮ ಬೀಳುವ ಕಡೆ ಚಳಿಗಾಲಕ್ಕೆ ಕಿತ್ತು ಒಳಗಿಡುವುದು. ಇದೆಲ್ಲ ಎಲ್ಲರಿಗೂ ಆಗುವ ಕೆಲಸವಲ್ಲ. ಅಂಥವರಿಗೆ ಕರೆಂಟಿನ ದಾರಿ ಇದೆ. 1940ರಲ್ಲಿ ಬೊಯುಕೋಸ್ ಮತ್ತು ಮಿಕ್ ಅನ್ನುವ ಇಬ್ಬರು ಜಿಪ್ಸಂ ಬ್ಲಾಕ್ ವಿಧಾನವನ್ನು ವಿವರಿಸಿದರು. ಜಿಪ್ಸಮ್ಮಿನ ಒಂದು ತುಂಡು, ಒಳಗೆ ಎರಡು ತಂತಿ. ಬ್ಲಾಕ್ ಸುತ್ತಲ ಮಣ್ಣಿನ ಜೊತೆ ನೀರು ಕೊಟ್ಟು ತೆಗೆದುಕೊಂಡು ಸಮಕ್ಕೆ ಬರುತ್ತದೆ. ಒಳಗೆ ನೀರು ಕಡಿಮೆಯಾದಷ್ಟೂ ತಂತಿಗಳ ನಡುವೆ ಕರೆಂಟಿಗೆ ತಡೆ ಜಾಸ್ತಿ. ಅಗ್ಗ, ಒಣ ಮಣ್ಣಿನಲ್ಲೂ ನಡೆಯುತ್ತದೆ. ಆದರೆ ಒದ್ದೆ ಮಣ್ಣಿನಲ್ಲಿ ಮಂದ, ಮತ್ತೆ ಜಿಪ್ಸಂ ನಿಧಾನವಾಗಿ ಕರಗಿಹೋಗುತ್ತದೆ.

ಅದರ ಸುಧಾರಿಸಿದ ತಮ್ಮನೇ ಈಗ ಎಲ್ಲೆಡೆ ಕಾಣುವ ವಾಟರ್‌ಮಾರ್ಕ್ ತರದ ಸೆನ್ಸರ್. ಜಾಲರಿಯ ಕವಚದೊಳಗೆ ಮರಳಿನಂಥ ಕಣಗಳು, ಜೊತೆಗೊಂದು ಜಿಪ್ಸಂ ಬಿಲ್ಲೆ. ಮಣ್ಣಿನ ಉಪ್ಪು ಸ್ವಲ್ಪ ಹೆಚ್ಚುಕಡಿಮೆಯಾದರೂ ಅಂಕಿ ಕೆಡದ ಹಾಗೆ ಆ ಬಿಲ್ಲೆ ನೋಡಿಕೊಳ್ಳುತ್ತದೆ. ಪೂರ್ತಿ ನೆನೆದಾಗ ತಡೆ ಸುಮಾರು 550 ಓಮ್, ಬಿಗಿತ 200 ಆದಾಗ ಸುಮಾರು 28,000 ಓಮ್. ಸ್ವಂತ ಸರ್ಕ್ಯೂಟ್ ಕಟ್ಟುವವರು ಮಾಡುವ ತಪ್ಪು ಒಂದಿದೆ. ಬ್ಯಾಟರಿಯ ನೇರ ಕರೆಂಟನ್ನು ಬಿಟ್ಟುಬಿಡುತ್ತಾರೆ. ಆಗ ತಂತಿಗಳ ಮೇಲೆ ವಿದ್ಯುತ್ ರಾಸಾಯನಿಕ ಕ್ರಿಯೆ ಶುರುವಾಗಿ ಅಂಕಿ ಜಾರುತ್ತದೆ, ಕ್ರಮೇಣ ಸೆನ್ಸರೇ ಹಾಳು. ದಿಕ್ಕು ಬದಲಿಸುವ ಕರೆಂಟನ್ನು ಕ್ಷಣಕಾಲ ಮಾತ್ರ ಬಿಡಬೇಕು. ಮಣ್ಣಿನ ಬಿಸಿಯನ್ನೂ ಲೆಕ್ಕಕ್ಕೆ ತಗೋಬೇಕು. ಬಿಸಿ ಮಣ್ಣಿನಲ್ಲಿ ತಡೆ ಇಳಿದು, ಇರುವುದಕ್ಕಿಂತ ಹಸಿಯಾಗಿದೆ ಅಂತ ತೋರಿಸುತ್ತದೆ. ಈ ಸೆನ್ಸರ್ ಮಳೆ ಬಂದ ಕೂಡಲೇ ಇಳಿಯುವುದಿಲ್ಲ, ಟೆನ್ಸಿಯೋಮೀಟರಿಗಿಂತ ನಿಧಾನ. 10ರ ಕೆಳಗಿನ ಅಂಕಿಗಳನ್ನು ನಾನಂತೂ ನಂಬುವುದಿಲ್ಲ. ಆದರೆ 'ನಾಳೆ ನೀರು ಬಿಡಬೇಕಾ' ಅನ್ನುವ ಪ್ರಶ್ನೆಗೆ ಇದರ ಉತ್ತರ ಸಾಕು.

ತೀರ ಒಣ ಮಣ್ಣಿಗೆ ಸೈಕ್ರೋಮೀಟರ್ ಅನ್ನುವ ಸೂಕ್ಷ್ಮ ಸಾಧನವಿದೆ. ಮಣ್ಣಿನ ಸಂದಿನ ಗಾಳಿಯಲ್ಲಿರುವ ತೇವದಿಂದ ಬಿಗಿತ ಕಂಡುಹಿಡಿಯುತ್ತದೆ. ಗಿಡ ಬಾಡುವ 1500ರಲ್ಲೂ ಆ ಗಾಳಿಯ ತೇವ ನೂರಕ್ಕೆ 98.9 ಇರುತ್ತದೆ! ಉಳಿದ 1.1ರ ಒಳಗೇ ಎಲ್ಲ ಆಟ. ಹಾಗಾಗಿ ಇದು ಹೊಲಕ್ಕಿಂತ ಪ್ರಯೋಗಶಾಲೆಗೆ ಸರಿ. ನೀರಿನ ಸರಪಳಿ ಕಡಿಯುವ ಸಮಸ್ಯೆಯನ್ನೂ ಕೆಲವರು ಗೆದ್ದಿದ್ದಾರೆ. 1993ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಿಡ್ಲಿ ಮತ್ತು ಬರ್ಲ್ಯಾಂಡ್ ಒಂದು ಪುಟ್ಟ ಟೆನ್ಸಿಯೋಮೀಟರ್ ಬಗ್ಗೆ ಬರೆದರು. ಒಳಗೆ ಚೂರೇ ಚೂರು ನೀರು, ಅದೂ ಜೋರು ಒತ್ತಡ ಕೊಟ್ಟು ಗಾಳಿಯ ಗುಳ್ಳೆಯ ಬೀಜವೇ ಉಳಿಯದ ಹಾಗೆ ತುಂಬಿದ್ದು. ಗುಳ್ಳೆ ಹುಟ್ಟಲು ಬೀಜವೇ ಇಲ್ಲದಿದ್ದರೆ ನೀರು 1000 ಕಿಲೋಪ್ಯಾಸ್ಕಲ್ ದಾಟಿದರೂ ಕಡಿಯದೆ ತಡೆಯುತ್ತದೆ. ಮರದೊಳಗಿನ ನೀರಿನ ಎಳೆಗಳು ತಡೆಯುವುದೂ ಹೀಗೇ. ಇಂಥ ಸಾಧನಗಳನ್ನು ಹೆಚ್ಚಾಗಿ ಬಳಸುವವರು ಕೃಷಿಕರಲ್ಲ, ಸಿವಿಲ್ ಎಂಜಿನಿಯರುಗಳು. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದರಲ್ಲಿ ಈ ಬಿಗಿತದ್ದೂ ಪಾಲಿದೆ. ದಿನಗಟ್ಟಲೆ ಮಳೆ ಸುರಿದು ಬಿಗಿತ ಸೊನ್ನೆಗೆ ಇಳಿದಾಗ ಗುಡ್ಡ ಜಾರುವ ಅಪಾಯ.

ಉಪ್ಪಿನ ಮಾತೊಂದು ಉಳಿಯಿತು. ಮಣ್ಣಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಬೇರು ಅದರ ವಿರುದ್ಧವೂ ಎಳೆಯಬೇಕು. ಆದರೆ ಸೆರಾಮಿಕ್ ಕಪ್ ಉಪ್ಪನ್ನು ತಡೆಯುವುದಿಲ್ಲ, ನೀರಿನ ಜೊತೆ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಆ ಎಳೆತ ಗೇಜಿಗೆ ಗೊತ್ತೇ ಆಗುವುದಿಲ್ಲ. ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಅದರಲ್ಲಿ ಕರೆಂಟು ಹರಿಯುವ ಸಲೀಸಿನಿಂದ ತಿಳಿಸುವ ಅಳತೆಗೆ ಇಸಿ ಅನ್ನುತ್ತಾರೆ. ಮಣ್ಣಿನ ನೀರಿನ ಇಸಿ ಮೀಟರಿಗೆ 4 ಡೆಸಿಸೀಮೆನ್ಸ್ ಇದ್ದರೆ ಉಪ್ಪಿನ ಪಾಲೇ ಸುಮಾರು 145 ಕಿಲೋಪ್ಯಾಸ್ಕಲ್. ಮುಳ್ಳು ಮಾತ್ರ ನೆಮ್ಮದಿಯಾಗಿ 20 ತೋರಿಸುತ್ತಿರುತ್ತದೆ, ಪಕ್ಕದಲ್ಲೇ ಗಿಡ ಜೋತುಬಿದ್ದಿರುತ್ತದೆ. ಆಗ ಗೇಜ್ ಕೆಟ್ಟಿದೆ ಅಂತ ಕೊಳವೆ ಕೀಳಲು ಹೋಗಬೇಡಿ. ಮನೆಯಿಂದ ಇಸಿ ಮೀಟರ್ ತನ್ನಿ.